ಮುತ್ತಿನ ರೇವಿನ ಕಾವಲು

ಎರಡನೆಯ ಮಹಾಯುದ್ಧದ ಪಾಠ ಬಂದಾಗ ತರಗತಿಯಲ್ಲಿ ಯಾರಾದರೊಬ್ಬ ಹುಡುಗ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: "ಆರು ವಿಮಾನವಾಹಕ ಹಡಗುಗಳು ಅಷ್ಟು ದೂರ ಸಮುದ್ರ ದಾಟಿ ಬರುವವರೆಗೂ ಯಾರಿಗೂ ಗೊತ್ತಾಗಲಿಲ್ಲವೆ, ಸಾರ್? ಅಮೆರಿಕದವರು ಅಷ್ಟೊಂದು ಮೈಮರೆತು ಮಲಗಿದ್ದರೆ?" ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಅಷ್ಟು ಸಣ್ಣದಲ್ಲ. ಅವರು ಮಲಗಿರಲಿಲ್ಲವೆಂಬುದೇ ಇಲ್ಲಿನ ಸೋಜಿಗ. ಅಪಾಯವನ್ನು ಊಹಿಸಿದ್ದರು, ಕಾಗದದ ಮೇಲೆ ಬರೆದಿದ್ದರು, ತಂತಿ ಕೊಟ್ಟು ಎಚ್ಚರಿಸಿಯೂ ಇದ್ದರು. ಆದರೂ 1941ನೆಯ ಇಸವಿ ಡಿಸೆಂಬರ್ 7ರ ಭಾನುವಾರ ಬೆಳಗ್ಗೆ ಪರ್ಲ್ ಹಾರ್ಬರಿನಲ್ಲಿ 2,403 ಮಂದಿ ಅಮೆರಿಕನ್ನರು ಪ್ರಾಣ ಕಳೆದುಕೊಂಡರು. ಇಷ್ಟೆಲ್ಲ ತಿಳಿದಿದ್ದೂ ಕಾವಲು ಏಕೆ ತಪ್ಪಿತು? ಓದುಗರೇ, ಈ ಪ್ರಶ್ನೆಯನ್ನು ಹಿಡಿದು ಆ ಕಥೆಯನ್ನು ಒಮ್ಮೆ ಸಾವಧಾನವಾಗಿ ನೋಡೋಣ.

ಮೊದಲು ಸ್ಥಳದ ಪರಿಚಯವಾಗಬೇಕು. ಶಾಂತಸಾಗರದ ನಡುವೆ ಹವಾಯಿ ದ್ವೀಪಸ್ತೋಮವಿದೆ. ಅದರಲ್ಲಿ ಓಅಹು ಎಂಬುದೊಂದು ದ್ವೀಪ. ಅದರ ದಕ್ಷಿಣದ ತೀರದಲ್ಲಿ ನೆಲವನ್ನು ಕೊರೆದುಕೊಂಡು ಒಳಗೆ ನುಗ್ಗಿದ ಕಡಲಿನ ಕವಲೇ ಪರ್ಲ್ ಹಾರ್ಬರ್, ಎಂದರೆ ಮುತ್ತಿನ ರೇವು. ಒಳಗೆ ವಿಶಾಲವಾದ ನೀರು. ಹೋಗಿಬರುವುದಕ್ಕೆ ಇಕ್ಕಟ್ಟಾದ ಒಂದೇ ಬಾಗಿಲು. ಬಿರುಗಾಳಿಯಿಂದ ಹಡಗುಗಳನ್ನು ಕಾಯುವುದಕ್ಕೆ ಇದಕ್ಕಿಂತ ಒಳ್ಳೆಯ ಮಡಿಲಿಲ್ಲ. ಆದರೆ ಶತ್ರು ಮೇಲಿನಿಂದ ಬಂದರೆ ಆ ಮಡಿಲೇ ಬೋನಾಗುತ್ತದೆ.

ಅಮೆರಿಕದ ನೌಕಾಪಡೆಯ ಮುಖ್ಯ ನೆಲೆ ಮೊದಲು ಕ್ಯಾಲಿಫೋರ್ನಿಯದ ತೀರದಲ್ಲಿತ್ತು. 1940ರ ವಸಂತದಲ್ಲಿ ಸಮರಾಭ್ಯಾಸಕ್ಕೆಂದು ಹವಾಯಿಗೆ ಬಂದ ಪಡೆಗೆ ಅಲ್ಲಿಯೇ ನಿಲ್ಲಬೇಕೆಂದು ಆಜ್ಞೆಯಾಯಿತು. ಜಪಾನು ಆಗ ಚೀನದಲ್ಲಿ ಯುದ್ಧ ನಡೆಸುತ್ತ ಆಗ್ನೇಯ ಏಷ್ಯದ ಕಡೆಗೂ ಕಣ್ಣು ಹಾಕಿತ್ತು. ಪಡೆ ಹತ್ತಿರದಲ್ಲಿದ್ದರೆ ಅದು ಹಿಂಜರಿದೀತೆಂಬುದು ಅಧ್ಯಕ್ಷ ರೂಸ್ವೆಲ್ಟರ ಎಣಿಕೆ. ಆಗ ಪಡೆಯ ದಂಡನಾಯಕನಾಗಿದ್ದವನು ಅಡ್ಮಿರಲ್ ರಿಚರ್ಡ್‌ಸನ್. ಈ ರೇವಿನಲ್ಲಿ ಸಾಮಗ್ರಿ ಸಾಲದು, ಪಡೆ ಇಲ್ಲಿ ಸುರಕ್ಷಿತವಲ್ಲ, ಯುದ್ಧಕ್ಕೆ ಅಣಿಮಾಡಬೇಕಾದರೆ ಅದನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು ಎಂದು ಅವನು ವಾಷಿಂಗ್ಟನ್ನಿಗೆ ಹೋಗಿ ನೇರವಾಗಿಯೇ ವಾದಿಸಿದ. ಮಾತು ನಡೆಯಲಿಲ್ಲ. 1941ರ ಫೆಬ್ರವರಿ 1ರಂದು ಅವನ ಸ್ಥಾನಕ್ಕೆ ಅಡ್ಮಿರಲ್ ಹಸ್‌ಬಂಡ್ ಕಿಮ್ಮೆಲ್ ಬಂದ. ಶತ್ರುವಿಗೆ ಬೆದರಿಕೆಯಾಗಲೆಂದು ಮುಂದೆ ನಿಲ್ಲಿಸಿದ ಪಡೆ ಶತ್ರುವಿನ ಕೈಗೆ ಎಟಕುವ ಪಡೆಯೂ ಆಗುತ್ತದೆ. ಈ ಇಬ್ಬಂದಿಯನ್ನು ಕಿಮ್ಮೆಲ್ ತಾನಾಗಿ ಆರಿಸಿಕೊಂಡದ್ದಲ್ಲ, ಅಧಿಕಾರದ ಜೊತೆಗೆ ಅವನ ಪಾಲಿಗೆ ಬಂದದ್ದು.

ಇಷ್ಟರಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಒಂದು ಪಾಠ ನಡೆದುಹೋಗಿತ್ತು. 1940ರ ನವೆಂಬರ್ 11ರ ರಾತ್ರಿ ಇಟಲಿಯ ಟಾರಂಟೊ ರೇವಿನಲ್ಲಿ ನಿಂತಿದ್ದ ಯುದ್ಧನೌಕೆಗಳ ಮೇಲೆ ಬ್ರಿಟಿಷರ 'ಇಲಸ್ಟ್ರಿಯಸ್' ಹಡಗಿನಿಂದ ಹಾರಿದ 21 ವಿಮಾನಗಳು ಎರಗಿದವು. ಎರಡು ರೆಕ್ಕೆಗಳ ಹಳೆಯ ಮಾದರಿಯ ವಿಮಾನಗಳು ಅವು. ಬೆಳಗಾಗುವ ಹೊತ್ತಿಗೆ ಇಟಲಿಯ ಮೂರು ದೊಡ್ಡ ಯುದ್ಧನೌಕೆಗಳು ಟಾರ್ಪೀಡೊ ಪೆಟ್ಟು ತಿಂದಿದ್ದವು. ಬ್ರಿಟಿಷರು ಕಳೆದುಕೊಂಡದ್ದು ಎರಡೇ ವಿಮಾನ. ಟಾರ್ಪೀಡೊ ತಡೆಯುವ ಉಕ್ಕಿನ ಬಲೆಗಳು ಆ ರೇವಿನಲ್ಲಿ ಇಲ್ಲದೆ ಇರಲಿಲ್ಲ, ಬೇಕಾದಷ್ಟು ಇರಲಿಲ್ಲ.

ಈ ಸುದ್ದಿಯನ್ನು ಜಪಾನೀಯರು ಓದಿದರು, ಅಮೆರಿಕನ್ನರೂ ಓದಿದರು. 1941ರ ಜನವರಿ 24ರಂದು ಅಮೆರಿಕದ ನೌಕಾ ಇಲಾಖೆಯ ಮಂತ್ರಿ ನಾಕ್ಸ್, ಯುದ್ಧ ಇಲಾಖೆಯ ಮಂತ್ರಿ ಸ್ಟಿಮ್‌ಸನ್‌ಗೆ ಬರೆದ ಪತ್ರವನ್ನು ಇಂದು ನೋಡಿದರೆ ಅದು ಜ್ಯೋತಿಷ್ಯದಂತೆ ಕಾಣುತ್ತದೆ. ಜಪಾನಿನೊಡನೆ ಯುದ್ಧವಾದರೆ ಅದು ಪರ್ಲ್ ಹಾರ್ಬರಿನ ಮೇಲಿನ ಅನಿರೀಕ್ಷಿತ ದಾಳಿಯಿಂದಲೇ ಮೊದಲಾಗಬಹುದು. ವಿಮಾನದಿಂದ ಬಾಂಬು, ವಿಮಾನದಿಂದ ಟಾರ್ಪೀಡೊ, ಇವೇ ಮುಖ್ಯವಾದ ಅಪಾಯಗಳು ಎಂಬುದು ಅದರ ತಾತ್ಪರ್ಯ. ಮಾರ್ಚ್ ಕೊನೆಯಲ್ಲಿ ಹವಾಯಿಯಲ್ಲಿಯೇ ಇದ್ದ ಇಬ್ಬರು ವಿಮಾನಪಡೆಯ ಅಧಿಕಾರಿಗಳು, ಸೇನೆಯ ಮಾರ್ಟಿನ್ ಮತ್ತು ನೌಕಾಪಡೆಯ ಬೆಲಿಂಜರ್, ಕೂಡಿ ಒಂದು ವರದಿ ಬರೆದರು. ವಿಮಾನವಾಹಕ ಹಡಗುಗಳು ಹತ್ತಿರಕ್ಕೆ ಬಂದು ನಸುಕಿನಲ್ಲಿ ವಿಮಾನಗಳನ್ನು ಬಿಟ್ಟರೆ ನಮಗೆ ಸುಳಿವೇ ಸಿಕ್ಕದೆ ಹೋಗಬಹುದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು.

ಹಾಗಾದರೆ ಮಾಡಬೇಕಾದದ್ದನ್ನು ಏಕೆ ಮಾಡಲಿಲ್ಲ? ಕಥೆಯ ತಿರುಳು ಇಲ್ಲಿದೆ. ರಕ್ಷಣೆಯ ಪ್ರತಿಯೊಂದು ಉಪಾಯಕ್ಕೂ ಒಂದು ಬೆಲೆಯಿತ್ತು, ಆ ಬೆಲೆಯನ್ನು ಅಂದೇ ತೆರಬೇಕಾಗಿತ್ತು. ಅಪಾಯವಾದರೋ ಎಂದೋ ಬರಬಹುದಾದದ್ದು.

ಬಲೆಯ ವಿಷಯವನ್ನೇ ತೆಗೆದುಕೊಳ್ಳಿ. ವಿಮಾನದಿಂದ ಬಿದ್ದ ಟಾರ್ಪೀಡೊ ಮೊದಲು ನೀರಿನಲ್ಲಿ ಆಳಕ್ಕೆ ಮುಳುಗಿ, ಆಮೇಲೆ ಮೇಲೆದ್ದು ಗುರಿಯ ಕಡೆಗೆ ಓಡುತ್ತದೆ. ಅದಕ್ಕೆ ಕಡಮೆಯೆಂದರೂ 75 ಅಡಿ ಆಳ ಬೇಕು, ಪರ್ಲ್ ಹಾರ್ಬರಿನ ಆಳ 40 ಅಡಿಯ ಆಸುಪಾಸು. ಆದ್ದರಿಂದ ಬಲೆಯ ಅಗತ್ಯ ಅಷ್ಟಾಗಿ ಕಾಣುವುದಿಲ್ಲ. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸ್ಟಾರ್ಕ್ ಫೆಬ್ರವರಿಯಲ್ಲಿ ಕಿಮ್ಮೆಲ್‌ಗೆ ಬರೆದದ್ದು ಈ ಅರ್ಥದ ಪತ್ರ. ಕಿಮ್ಮೆಲ್‌ಗೂ ಅದು ಸರಿಯೆನ್ನಿಸಿತು. ಇಕ್ಕಟ್ಟಾದ ರೇವು, ಭಾರವಾದ ಬಲೆ. ಹಡಗುಗಳು ಓಡಾಡುವುದೇ ಕಷ್ಟ. ಬೇಗ ಹಾಕಿ ಬೇಗ ತೆಗೆಯುವ ಹಗುರವಾದ ಬಲೆ ಸಿದ್ಧವಾಗುವ ತನಕ ಬೇಡವೆಂದು ಮಾರ್ಚಿನಲ್ಲಿ ಉತ್ತರ ಹೋಯಿತು. ಜೂನ್ ತಿಂಗಳಲ್ಲಿ ವಾಷಿಂಗ್ಟನ್ನಿನಿಂದ ಇನ್ನೊಂದು ಪತ್ರ ಬಂತು: ಕಡಮೆ ಆಳದಲ್ಲಿಯೂ ಟಾರ್ಪೀಡೊ ಪ್ರಯೋಗ ಸಾಧ್ಯವೆಂದು ಈಚೆಗೆ ತಿಳಿದುಬಂದಿದೆ, ನಿಂತ ಹಡಗು ಆಳದ ಬಲದಿಂದಲೇ ಸುರಕ್ಷಿತವೆಂದು ಭಾವಿಸಲಾಗದು. ತೀರ್ಮಾನಕ್ಕೆ ಆಧಾರವಾಗಿದ್ದ ಕಂಬವೇ ಅಲ್ಲಾಡಿದಂತಾಯಿತು. ತೀರ್ಮಾನ ಮಾತ್ರ ಅಲ್ಲಾಡಲಿಲ್ಲ. ಒಮ್ಮೆ ಮುಚ್ಚಿದ ಕಡತವನ್ನು ಮತ್ತೆ ಬಿಚ್ಚಿ ನೋಡುವವರು ಇರಲಿಲ್ಲ. ಅತ್ತ ಜಪಾನೀಯರು ಕಾಗೋಷಿಮಾ ಕೊಲ್ಲಿಯಲ್ಲಿ ಅಭ್ಯಾಸ ನಡೆಸಿ, ಟಾರ್ಪೀಡೊಗಳಿಗೆ ಮರದ ರೆಕ್ಕೆಗಳನ್ನು ಕಟ್ಟಿ, ಆಳಕ್ಕೆ ಮುಳುಗದಂತೆ ಸಾಧಿಸಿಕೊಂಡರು.

ಎರಡನೆಯದು ವಿಮಾನದ ಗಸ್ತು. ದ್ವೀಪದ ಸುತ್ತ ಎಂಟು ದಿಕ್ಕಿಗೂ ದಿನವೂ ನೂರಾರು ಮೈಲಿ ಹಾರಿ ನೋಡಿಬರಬೇಕಾದರೆ, ಇದ್ದ ವಿಮಾನಗಳೂ ಚಾಲಕರೂ ಬಿಡಿಭಾಗಗಳೂ ಸಾಲುತ್ತಿರಲಿಲ್ಲ. ಇದ್ದವನ್ನು ಹೀಗೆ ದಿನವೂ ಸವೆಸಿದರೆ ಯುದ್ಧ ಬಂದ ದಿನ ಮುನ್ನುಗ್ಗಲು ಏನೂ ಉಳಿಯದೆಂದು ಕಿಮ್ಮೆಲ್ ಲೆಕ್ಕ ಹಾಕಿದ. ಅವನಿಗೆ ಬಂದ ಆಜ್ಞೆಯೂ ಯುದ್ಧ ಬಂದೊಡನೆ ಮಾರ್ಷಲ್ ದ್ವೀಪಗಳ ಕಡೆ ನುಗ್ಗುವಂತಹುದೇ. ಮುನ್ನುಗ್ಗುವುದಕ್ಕೆಂದು ಶಕ್ತಿಯನ್ನು ಕೂಡಿಟ್ಟವನು ಮನೆಯ ಹಿಂಬಾಗಿಲಿಗೆ ಕಾವಲು ಕಡಮೆಮಾಡಿದ. ಉತ್ತರ ದಿಕ್ಕು ಬರಿದಾಗಿ ಉಳಿಯಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕಾವಲಿನ ಹೊಣೆ ಇಬ್ಬರಿಗೆ ಹಂಚಿಹೋಗಿದ್ದದ್ದು. ರೇವಿನಲ್ಲಿ ನಿಂತ ಹಡಗುಗಳನ್ನು ಕಾಯುವುದು ಭೂಸೇನೆಯ ಕೆಲಸ. ಅದರ ಅಧಿಪತಿ ಜನರಲ್ ವಾಲ್ಟರ್ ಷಾರ್ಟ್. ದೂರದ ಸಮುದ್ರವನ್ನು ನೋಡುವುದು ನೌಕಾಪಡೆಯ ಕೆಲಸ. ನೌಕಾಪಡೆ ದೂರಕ್ಕೆ ಗಸ್ತು ಹಾರಿಸುತ್ತಿದೆಯೆಂದು ಷಾರ್ಟ್ ನಂಬಿದ್ದ. ಭೂಸೇನೆಯ ರೇಡಾರು ಹಗಲೂ ರಾತ್ರಿ ನಡೆಯುತ್ತಿದೆಯೆಂದು ಕಿಮ್ಮೆಲ್ ನಂಬಿದ್ದ. ಇಬ್ಬರ ನಂಬಿಕೆಯೂ ಹುಸಿ. ಅವರೇನು ಮುಖ ತಿರುಗಿಸಿಕೊಂಡ ಹಗೆಗಳಲ್ಲ. ಭೇಟಿಯಾಗುತ್ತಿದ್ದರು, ಸ್ನೇಹದಿಂದಲೇ ಇದ್ದರು. ಆದರೆ "ತಾವು ನಿಜವಾಗಿ ಏನು ಮಾಡುತ್ತಿದ್ದೀರಿ?" ಎಂಬ ಒಂದು ಮಾತನ್ನು ಒಬ್ಬರು ಇನ್ನೊಬ್ಬರಿಗೆ ಕೇಳಲಿಲ್ಲ. ದೊಡ್ಡಮನುಷ್ಯರ ನಡುವಿನ ದಾಕ್ಷಿಣ್ಯ ಎಷ್ಟು ದುಬಾರಿಯಾದೀತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ನವೆಂಬರ್ 27ರಂದು ವಾಷಿಂಗ್ಟನ್ನಿನಿಂದ ಇಬ್ಬರಿಗೂ ತಂತಿ ಬಂತು. ನೌಕಾಪಡೆಗೆ ಬಂದದ್ದರಲ್ಲಿ ಇದನ್ನು ಯುದ್ಧದ ಎಚ್ಚರಿಕೆಯೆಂದೇ ತಿಳಿಯತಕ್ಕದ್ದೆಂದು ಬಿಚ್ಚಿ ಹೇಳಿತ್ತು. ಇಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ; ದಾಳಿ ನಡೆಯಬಹುದಾದ ಸ್ಥಳಗಳೆಂದು ಫಿಲಿಪೈನ್ಸ್, ಥಾಯ್ಲೆಂಡಿನ ಸೀಮೆ, ಬೋರ್ನಿಯೊ ಇವುಗಳನ್ನೂ ಹೆಸರಿಸಿತ್ತು. ಹವಾಯಿಯ ಹೆಸರಿರಲಿಲ್ಲ. ಓದಿದವರ ಕಣ್ಣು ಹೆಸರಿದ್ದ ಕಡೆಗೇ ಹೋಯಿತು. ಇತ್ತ ಜನರಲ್ ಷಾರ್ಟನಿಗೆ ದ್ವೀಪದಲ್ಲಿದ್ದ ಜಪಾನೀ ಮೂಲದ ಜನರ ಮೇಲೆಯೇ ಅನುಮಾನ. ಒಳಗಿನವರು ಮೋಸದಿಂದ ಬೆಂಕಿಯಿಟ್ಟಾರೆಂಬ ಭಯ. ಆದ್ದರಿಂದ ವಿಮಾನಗಳನ್ನೆಲ್ಲ ಬಯಲಿನ ನಡುವೆ ರೆಕ್ಕೆಗೆ ರೆಕ್ಕೆ ತಾಗುವಂತೆ ಸಾಲಾಗಿ ನಿಲ್ಲಿಸಿ ಸುತ್ತ ಪಹರೆ ಹಾಕಿಸಿದ. ಕಳ್ಳನಿಗೆ ಇದು ಸರಿಯಾದ ಕಾವಲು. ಮೇಲಿನಿಂದ ಬರುವವನಿಗೆ ಇದು ಹಾಸಿಕೊಟ್ಟ ಎಲೆ. ತಾನು ಒಳಸಂಚಿನ ವಿರುದ್ಧ ಎಚ್ಚರದಿಂದಿದ್ದೇನೆಂದು ಅವನು ವಾಷಿಂಗ್ಟನ್ನಿಗೆ ಉತ್ತರವನ್ನೂ ಕೊಟ್ಟ. ಉತ್ತರವನ್ನು ನೋಡಿದವರು ನಾವು ಕೇಳಿದ್ದು ಅದನ್ನಲ್ಲವೆಂದು ತಿದ್ದಲಿಲ್ಲ. ತಿದ್ದಲಿಲ್ಲವಾದ್ದರಿಂದ ಒಪ್ಪಿದರೆಂದು ಷಾರ್ಟ್ ತಿಳಿದ.

ಜಪಾನೀ ರಾಜತಂತ್ರದ ಗುಪ್ತಲಿಪಿಯನ್ನು ಅಮೆರಿಕನ್ನರು ಒಡೆದಿದ್ದರೆಂಬುದು ನಿಮಗೆ ತಿಳಿದಿರಬಹುದು. ಪರ್ಲ್ ಹಾರ್ಬರನ್ನು ಐದು ಭಾಗಗಳಾಗಿ ಎಣಿಸಿ, ಯಾವ ಭಾಗದಲ್ಲಿ ಯಾವ ಹಡಗು ನಿಂತಿದೆಯೆಂದು ತಿಳಿಸಬೇಕೆಂದು ಟೋಕಿಯೊದಿಂದ ಹೊನೊಲುಲುವಿನ ಜಪಾನೀ ರಾಯಭಾರ ಕಚೇರಿಗೆ ಸೆಪ್ಟೆಂಬರಿನಲ್ಲಿ ಆಜ್ಞೆ ಹೋಗಿತ್ತು. ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನವರು ಅದನ್ನು ಓದಿದರು. ಆದರೆ ಗುಟ್ಟು ಬಯಲಾದೀತೆಂಬ ಅಂಜಿಕೆಯಿಂದ ಇಂತಹ ಕಾಗದಗಳು ನಾಲ್ಕಾರು ಕೈಗಳಲ್ಲಿಯೇ ತಿರುಗುತ್ತಿದ್ದವು. ಯಾರ ಹಡಗುಗಳನ್ನು ಶತ್ರು ಎಣಿಸುತ್ತಿದ್ದನೋ ಆ ಕಿಮ್ಮೆಲ್‌ಗೆ ಅದು ತಲುಪಲಿಲ್ಲ.

ಇಷ್ಟರಲ್ಲಿ ನವೆಂಬರ್ 26ರಂದೇ ಕುರಿಲ್ ದ್ವೀಪಗಳ ಹಿಟೊಕಪ್ಪು ಕೊಲ್ಲಿಯಿಂದ ಅಡ್ಮಿರಲ್ ನಗುಮೊನ ಪಡೆ ಹೊರಟಿತ್ತು. ರೇಡಿಯೋ ಬಾಯಿ ಮುಚ್ಚಿಕೊಂಡು, ವ್ಯಾಪಾರದ ಹಡಗುಗಳು ಹೆಚ್ಚಾಗಿ ಸುಳಿಯದ ಉತ್ತರದ ದಾರಿ ಹಿಡಿದು, ಆರು ವಿಮಾನವಾಹಕ ಹಡಗುಗಳು ಬರುತ್ತಿದ್ದವು.

ಈಗ ಆ ಭಾನುವಾರದ ಬೆಳಗಿಗೆ ಬರೋಣ. ನಮ್ಮಂಥ ಬಾನುಲಿಯ ಕೇಳುಗರಿಗೆ ಇದರಲ್ಲಿ ಒಂದು ವಿಶೇಷವುಂಟು. ಹೊನೊಲುಲುವಿನ ಕೆ.ಜಿ.ಎಂ.ಬಿ. ಎಂಬ ರೇಡಿಯೋ ನಿಲಯ ಆ ರಾತ್ರಿಯೆಲ್ಲ ಸಂಗೀತವನ್ನು ಪ್ರಸಾರಮಾಡುತ್ತಲೇ ಇತ್ತು. ಕ್ಯಾಲಿಫೋರ್ನಿಯದಿಂದ 12 ದೊಡ್ಡ ಬಾಂಬರ್ ವಿಮಾನಗಳು ಬರುವುದಿತ್ತು. ಆ ಹಾಡಿನ ಜಾಡು ಹಿಡಿದು ದ್ವೀಪಕ್ಕೆ ಬರಲು ಅವಕ್ಕೆ ಅನುಕೂಲವಾಗಲೆಂದು ಈ ಏರ್ಪಾಡು. ಉತ್ತರದಿಂದ ಬರುತ್ತಿದ್ದ ಜಪಾನೀ ವಿಮಾನಗಳ ನಾಯಕ ಫುಚಿಡನೂ ಅದೇ ಹಾಡಿನ ಜಾಡನ್ನು ಹಿಡಿದ. ಸ್ವಜನಕ್ಕೆ ದಾರಿ ತೋರಿಸಲು ಹಚ್ಚಿದ ದೀಪ ಹಗೆಗೂ ದಾರಿ ತೋರಿತು.

ಬೆಳಗ್ಗೆ ಏಳು ಗಂಟೆಗೆ ಮುನ್ನ ರೇವಿನ ಬಾಗಿಲ ಬಳಿ 'ವಾರ್ಡ್' ಎಂಬ ಕಾವಲು ಹಡಗು ಒಂದು ಪುಟ್ಟ ಜಲಾಂತರ್ಗಾಮಿಯನ್ನು ಕಂಡು, ಗುಂಡು ಹಾರಿಸಿ ಮುಳುಗಿಸಿ, ಕೂಡಲೆ ಸುದ್ದಿ ಕಳಿಸಿತು. ಹಿಂದೆ ಇಂತಹ ಸುಳ್ಳು ಸುದ್ದಿಗಳು ಎಷ್ಟೋ ಬಂದಿದ್ದವು. ಇದನ್ನು ಖಚಿತಪಡಿಸಿಕೊಳ್ಳೋಣವೆಂದು ಮೇಲಿನವರು ಕೇಳುತ್ತ ಕೂತರು. ಖಚಿತವಾಗುವ ಮೊದಲೇ ದಾಳಿ ಬಂದಿತ್ತು.

ದ್ವೀಪದ ಉತ್ತರ ತುದಿಯ ಒಪಾನ ಎಂಬಲ್ಲಿ ರೇಡಾರಿನ ಮುಂದೆ ಇಬ್ಬರು ಸಿಪಾಯಿಗಳಿದ್ದರು. ನಾಲ್ಕರಿಂದ ಏಳರವರೆಗೆ ಮಾತ್ರ ಅವರ ಕೆಲಸ. ಏಳಾಯಿತು, ತಿಂಡಿಗೆ ಕರೆದೊಯ್ಯುವ ಲಾರಿ ಬರಲಿಲ್ಲ. ಯಂತ್ರವನ್ನು ನಿಲ್ಲಿಸದೆ ಅಭ್ಯಾಸಮಾಡುತ್ತಿದ್ದಾಗ, 7 ಗಂಟೆ 2 ನಿಮಿಷಕ್ಕೆ, 130 ಮೈಲಿಗೂ ಆಚೆ, ಉತ್ತರದಲ್ಲಿ, ಹಿಂದೆಂದೂ ಕಾಣದಷ್ಟು ದೊಡ್ಡ ಗುರುತು ಮೂಡಿತು. ಫೋನು ಮಾಡಿದರು. ಮಾಹಿತಿ ಕೇಂದ್ರದಲ್ಲಿದ್ದ ಲೆಫ್ಟಿನೆಂಟ್ ಆ ಕೆಲಸಕ್ಕೆ ತೀರ ಹೊಸಬ. ರಾತ್ರಿಯೆಲ್ಲ ರೇಡಿಯೋ ಹಾಡುತ್ತಿದ್ದರೆ ಬಾಂಬರುಗಳು ಬರುತ್ತಿವೆಯೆಂದು ಅರ್ಥ ಎಂಬುದನ್ನು ಅವನು ಸ್ನೇಹಿತನಿಂದ ಕೇಳಿದ್ದ. ಕೆಲಸಕ್ಕೆ ಬರುವಾಗ ಕಾರಿನಲ್ಲಿ ಆ ಹಾಡನ್ನೂ ಕೇಳಿದ್ದ. ಎರಡೂ ಸೇರಿ ಅವನಿಗೆ ಲೆಕ್ಕ ಸರಿಹೋಯಿತು. ಚಿಂತೆ ಬೇಡವೆಂದು ಹೇಳಿಬಿಟ್ಟ. ಅವನ ಊಹೆ ಅಸಂಬದ್ಧವಲ್ಲ; ಬಾಂಬರುಗಳು ನಿಜವಾಗಿಯೂ ಬರುತ್ತಿದ್ದವು. ಆದರೆ ಆ ಗುರುತು ಅವುಗಳದಲ್ಲ.

ಅದೇ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಜನರಲ್ ಮಾರ್ಷಲನ ಕೈಯಲ್ಲಿ ಜಪಾನೀಯರ ಕೊನೆಯ ಕಾಗದದ ನಕಲಿತ್ತು. ಅದನ್ನು ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಕೊಡಬೇಕೆಂದು ಟೋಕಿಯೊ ವಿಧಿಸಿತ್ತು. ಹವಾಯಿಯಲ್ಲಿ ಆಗ ಬೆಳಗಿನ ಏಳೂವರೆ. ಮಾರ್ಷಲ್ ಒಂದು ಎಚ್ಚರಿಕೆಯನ್ನು ಬರೆದ. ನೌಕಾಪಡೆಯ ರೇಡಿಯೋದಿಂದ ಕಳಿಸಿಕೊಡುತ್ತೇನೆಂದು ಸ್ಟಾರ್ಕ್ ಹೇಳಿದರೂ ಬೇಡವೆಂದ. ಭೂಸೇನೆಯ ರೇಡಿಯೋ ಅಂದು ವಾತಾವರಣದ ಕಾಟದಿಂದ ಹೊನೊಲುಲುವನ್ನು ಮುಟ್ಟಲಿಲ್ಲ. ಕೊನೆಗೆ ಸಾಮಾನ್ಯ ವ್ಯಾಪಾರೀ ತಂತಿಯ ಮೂಲಕ ಅದು ಹೊರಟು 7 ಗಂಟೆ 33 ನಿಮಿಷಕ್ಕೆ ಹೊನೊಲುಲು ಸೇರಿತು. ಮೋಟಾರ್ ಸೈಕಲ್ ಹತ್ತಿದ ತಂತಿ ಹುಡುಗ ಅದನ್ನು ಸೇನಾ ಕಚೇರಿಗೆ ಮುಟ್ಟಿಸುವಾಗ ಬಾಂಬು ಬೀಳುವುದು ಮುಗಿದು ಎಷ್ಟೋ ಹೊತ್ತಾಗಿತ್ತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಾಗಿಲು ಹಾಕಿರೆಂಬ ಕಾಗದವೇ ಕೊಳ್ಳೆಯಾದ ಮೇಲೆ ಬಂತು.

ಎಂಟು ಗಂಟೆಗೆ ಐದು ನಿಮಿಷವಿರುವಾಗ ಮೊದಲ ಬಾಂಬುಗಳು ಬಿದ್ದವು. ಎರಡು ಸರದಿಯಲ್ಲಿ ಒಟ್ಟು 350ಕ್ಕೂ ಹೆಚ್ಚು ವಿಮಾನಗಳು ಎರಗಿದವು; ಮೊದಲ ಸರದಿಯಲ್ಲಿ 40 ವಿಮಾನಗಳು ಟಾರ್ಪೀಡೊ ಹೊತ್ತಿದ್ದವು. ಹಾಕದೆ ಬಿಟ್ಟ ಬಲೆಯ ಬೆಲೆ ಆಗ ತಿಳಿಯಿತು. ರೇವಿನಲ್ಲಿದ್ದ ಎಂಟು ಯುದ್ಧನೌಕೆಗಳಿಗೂ ಪೆಟ್ಟು ಬಿತ್ತು, ನಾಲ್ಕು ಮುಳುಗಿದವು. 'ಅರಿಜೋನ' ಒಂದರಲ್ಲಿಯೇ 1,177 ಮಂದಿ ಸತ್ತರು. ಸಾಲಾಗಿ ನಿಲ್ಲಿಸಿದ್ದ ವಿಮಾನಗಳು ಸಾಲಾಗಿಯೇ ಉರಿದವು. ಜಪಾನೀಯರು ಕಳೆದುಕೊಂಡದ್ದು 29 ವಿಮಾನಗಳನ್ನು, ಐದು ಪುಟ್ಟ ಜಲಾಂತರ್ಗಾಮಿಗಳನ್ನು.

ಮಹಾಭಾರತದ ಸೌಪ್ತಿಕ ಪರ್ವವನ್ನು ಓದಿದವರಿಗೆ ಇಲ್ಲಿ ಅಶ್ವತ್ಥಾಮನ ನೆನಪಾಗದಿರದು. ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಗೂಬೆ ಕೊಲ್ಲುವುದನ್ನು ಕಂಡು ಅವನು ಉಪಾಯ ಕಲಿತ. ಟಾರಂಟೊ ಜಪಾನೀಯರಿಗೆ ಆ ಗೂಬೆಯಾಯಿತು. ಅಂದು ರಾತ್ರಿ ಪಾಂಡವರು ಶಿಬಿರದಲ್ಲಿರಲಿಲ್ಲ. ಇಲ್ಲಿಯೂ ಅಮೆರಿಕದ ವಿಮಾನವಾಹಕ ಹಡಗುಗಳು ರೇವಿನಲ್ಲಿರಲಿಲ್ಲ. 'ಎಂಟರ್‌ಪ್ರೈಸ್' ವೇಕ್ ದ್ವೀಪಕ್ಕೆ ವಿಮಾನ ಮುಟ್ಟಿಸಿ ಹಿಂದಿರುಗುತ್ತಿತ್ತು, 'ಲೆಕ್ಸಿಂಗ್ಟನ್' ಮಿಡ್‌ವೇ ಕಡೆಗೆ ಹೋಗಿತ್ತು, 'ಸಾರಟೋಗ' ಕ್ಯಾಲಿಫೋರ್ನಿಯದಲ್ಲಿತ್ತು. ಮುಂದಿನ ಯುದ್ಧವನ್ನು ಗೆದ್ದುಕೊಟ್ಟದ್ದು ಅಂತಹ ಹಡಗುಗಳೇ.

ತೀರ್ಮಾನದಲ್ಲಿ ಎಡವಿದವರು ಒಂದೇ ಕಡೆಯವರಲ್ಲ. ಸುಮಾರು 45 ಲಕ್ಷ ಪೀಪಾಯಿ ಎಣ್ಣೆಯ ತೊಟ್ಟಿಗಳು, ಹಡಗು ದುರಸ್ತಿಯ ಕಟ್ಟೆಗಳು, ಜಲಾಂತರ್ಗಾಮಿಗಳ ನೆಲೆ, ಇವನ್ನು ನಗುಮೊ ಮುಟ್ಟಲಿಲ್ಲ. ತನ್ನ ಹಡಗುಗಳನ್ನು ಅಪಾಯಕ್ಕೆ ಒಡ್ಡಲೊಲ್ಲದೆ ಹಿಂದಿರುಗಿದ. ತನ್ನ ಪಡೆಯನ್ನು ಕಾಯುವ ದೃಷ್ಟಿಯಿಂದ ಅದು ಜಾಣತನ. ಯುದ್ಧದ ದೃಷ್ಟಿಯಿಂದ ಜಪಾನಿಗೆ ನಷ್ಟ. ಪೆಟ್ಟು ತಿಂದ ಎಂಟು ಯುದ್ಧನೌಕೆಗಳಲ್ಲಿ ಆರನ್ನು ಅಮೆರಿಕನ್ನರು ರಿಪೇರಿಮಾಡಿ ಮತ್ತೆ ಕಡಲಿಗೆ ಇಳಿಸಿದರು.

ಆಮೇಲೆ ವಿಚಾರಣೆಗಳ ಸುಗ್ಗಿ. ಕಿಮ್ಮೆಲ್, ಷಾರ್ಟ್ ಇಬ್ಬರನ್ನೂ ಹತ್ತೇ ದಿನಗಳಲ್ಲಿ ಸ್ಥಾನದಿಂದ ಇಳಿಸಿದರು. 1942ರ ಜನವರಿಯಲ್ಲಿ ರಾಬರ್ಟ್ಸ್ ಆಯೋಗ ಅವರ ಮೇಲೆ ಕರ್ತವ್ಯಲೋಪವನ್ನು ಹೊರಿಸಿತು. 1946ರಲ್ಲಿ ಅಮೆರಿಕದ ಪಾರ್ಲಿಮೆಂಟಿನ ಸಮಿತಿ ಅದು ಕರ್ತವ್ಯಲೋಪವಲ್ಲ, ವಿವೇಚನೆಯ ದೋಷವೆಂದು ಹೇಳಿತು. 1995ರಲ್ಲಿ ಅಲ್ಲಿನ ರಕ್ಷಣಾ ಇಲಾಖೆಯ ಪರಿಶೀಲನೆ, ಹೊಣೆ ಅವರಿಬ್ಬರದೇ ಅಲ್ಲ, ಹಲವರು ಹಂಚಿಕೊಳ್ಳಬೇಕಾದದ್ದು ಎಂದಿತು. ಒಂದು ವೇಳೆ ಕಿಮ್ಮೆಲ್ ಸುದ್ದಿ ತಿಳಿದು ಪಡೆಯನ್ನು ಹೊರಗೆ ತೆಗೆದಿದ್ದರೆ ಹಡಗುಗಳು ಎತ್ತಲಾಗದ ಆಳದಲ್ಲಿ ಮುಳುಗುತ್ತಿದ್ದವೆಂದು ಅವನ ಸ್ಥಾನಕ್ಕೆ ಬಂದ ಅಡ್ಮಿರಲ್ ನಿಮಿಟ್ಸ್ ಮುಂದೆ ಅಭಿಪ್ರಾಯಪಟ್ಟ. ಹಾಗೆ ನೋಡಿದರೆ ಎಚ್ಚರವೊಂದೇ ಸಾಲದು, ಎಚ್ಚೆತ್ತು ಏನು ಮಾಡಬೇಕೆಂಬುದೂ ಗೊತ್ತಿರಬೇಕು.

1962ರಲ್ಲಿ ರಾಬರ್ಟಾ ವೋಲ್‌ಸ್ಟೆಟರ್ ಎಂಬ ವಿದುಷಿ ಈ ಪ್ರಸಂಗದ ಮೇಲೆ ಒಂದು ಗ್ರಂಥ ಬರೆದರು. ಅವರ ವಿವರಣೆ ನಮ್ಮ ಮನೆಯ ರೇಡಿಯೋಗೆ ಚೆನ್ನಾಗಿ ಹೊಂದುತ್ತದೆ. ಮುಂಗಾರಿನ ಗುಡುಗಿನ ರಾತ್ರಿ ದೂರದ ನಿಲಯವನ್ನು ಹಿಡಿಯಲು ಹೊರಟರೆ ಗರಗರ ಸದ್ದಿನ ನಡುವೆ ಮಾತು ಮುಳುಗಿಹೋಗುತ್ತದಲ್ಲವೆ? ಮಾತು ಇಲ್ಲದಿರುವುದಿಲ್ಲ, ಸದ್ದಿನಿಂದ ಬೇರ್ಪಡುವುದಿಲ್ಲ ಅಷ್ಟೆ. ಪರ್ಲ್ ಹಾರ್ಬರಿನ ಸೂಚನೆಗಳೂ ಹೀಗೆಯೇ ಇದ್ದವು. ನೂರು ಸುಳ್ಳು ಸುದ್ದಿಗಳ ನಡುವೆ, ಬೇರೆ ಬೇರೆ ಮೇಜುಗಳ ಮೇಲೆ. ನಡೆದುಹೋದ ಮೇಲೆ ನೋಡುವ ನಮಗೆ ಗರಗರ ನಿಂತು ಮಾತೊಂದೇ ಕೇಳುತ್ತದೆ. ಅಂದು ಕೂತು ಕೇಳಿದವರಿಗೆ ಹಾಗಿರಲಿಲ್ಲ. ಆದ್ದರಿಂದ ಅವರನ್ನು ಮೂಢರೆಂದು ನಗುವುದು ನ್ಯಾಯವಲ್ಲ.

ಆದರೆ ಅವರನ್ನು ಪೂರ್ತಿಯಾಗಿ ಬಿಟ್ಟುಬಿಡುವುದೂ ನ್ಯಾಯವಲ್ಲ. ಸದ್ದಿನ ನಡುವೆ ಮಾತು ಕೇಳದಿದ್ದಾಗ "ಏನೆಂದಿರಿ?" ಎಂದು ತಿರುಗಿ ಕೇಳುವುದುಂಟು. ಸ್ಟಾರ್ಕ್ ಕಿಮ್ಮೆಲ್‌ನನ್ನು ಕೇಳಲಿಲ್ಲ, ಕಿಮ್ಮೆಲ್ ಷಾರ್ಟನನ್ನು ಕೇಳಲಿಲ್ಲ, ಷಾರ್ಟನ ಉತ್ತರವನ್ನು ಓದಿದವರು ಷಾರ್ಟನನ್ನು ಕೇಳಲಿಲ್ಲ. ಎಚ್ಚರಿಕೆ ಕಳಿಸಿದವನು ತನ್ನ ಕೆಲಸ ಮುಗಿಯಿತೆಂದುಕೊಂಡ. ಪಡೆದವನು ತನಗೆ ತೋಚಿದಂತೆ ಅರ್ಥಮಾಡಿಕೊಂಡ. ಎಚ್ಚರಿಕೆ ಬೇರೆ, ತೀರ್ಮಾನ ಬೇರೆ. ಎಚ್ಚರಿಕೆಯನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಸಾಗಿಸಬಹುದು. ತೀರ್ಮಾನ ಹಾಗೆ ಸಾಗುವ ಸರಕಲ್ಲ. ಇದು ನನ್ನದೆಂದು ಒಬ್ಬರು ಹೆಗಲು ಕೊಡದಿದ್ದರೆ ಅದು ಹುಟ್ಟುವುದೇ ಇಲ್ಲ.

ಅರಿಜೋನ ಹಡಗನ್ನು ಮೇಲೆತ್ತಲಿಲ್ಲ. ಸತ್ತವರಲ್ಲಿ ಬಹುಮಂದಿಯ ದೇಹ ಇಂದಿಗೂ ಅದರೊಳಗೆ ಇದೆ. ಅದರ ಮೇಲೆ ಒಂದು ಸ್ಮಾರಕ ಕಟ್ಟಿ ಸತ್ತವರ ಹೆಸರುಗಳನ್ನು ಗೋಡೆಯ ಮೇಲೆ ಕೆತ್ತಿದ್ದಾರೆ. ಎಂಬತ್ತು ವರ್ಷ ಕಳೆದ ಮೇಲೂ ಹಡಗಿನ ಹೊಟ್ಟೆಯಿಂದ ಎಣ್ಣೆ ತೊಟ್ಟು ತೊಟ್ಟಾಗಿ ಮೇಲೆದ್ದು ನೀರಿನ ಮೇಲೆ ಹರಡುತ್ತದೆ. ಆ ಗೋಡೆಯ ಮೇಲಿರುವುದು ನಾವಿಕರ ಹೆಸರು, ಸಿಪಾಯಿಗಳ ಹೆಸರು. ನವೆಂಬರ್ 27ರ ತಂತಿಯನ್ನು ಅವರಲ್ಲಿ ಯಾರೂ ಓದಿರಲಿಲ್ಲ, ಬಲೆ ಬೇಕೆ ಬೇಡವೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ತೀರ್ಮಾನ ಮಾಡುವ ಕುರ್ಚಿಯಲ್ಲಿ, ಅದು ದೊಡ್ಡದೇ ಇರಲಿ ಸಣ್ಣದೇ ಇರಲಿ, ಕೂತವರು ಆ ಗೋಡೆಯನ್ನು ಆಗಾಗ ನೆನೆಯುವುದು ಒಳ್ಳೆಯದು.